ಅರ್ಧ ಇಂಚಿನ ಸುಳ್ಳು

"ಉಸಿರು ಬಿಡಿ ಮೇಡಂ... ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ!"

ಅವಳು ಉಸಿರು ಬಿಟ್ಟಳು. ಟೈಲರ್ ಮಾಸ್ಟರ್ ಕೈಯಲ್ಲಿದ್ದ ಟೇಪು ಅವಳ ಬಲ ಭುಜದಿಂದ ಮಣಿಕಟ್ಟಿನವರೆಗೆ ಇಳಿಯಿತು. ಇಪ್ಪತ್ತೆರಡೂವರೆ. ಆಮೇಲೆ ಎಡಗಡೆ. ಇಪ್ಪತ್ತೆರಡು. ಅವನು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅಳೆದ. ಇಪ್ಪತ್ತೆರಡೇ!

ಅವಳು ಅವನ ಮುಖವನ್ನೇ ನೋಡಿದಳು. 'ಸಿಕ್ಕಿಬಿದ್ದೆನಾ...?'

"ಸದ್ಯ!" ಎಂದ ಅವನು. ಮುಖವೆಲ್ಲ ನಗು.

"ಏನು ಸದ್ಯ?"

"ನಿಮ್ಮ ಎಡ ತೋಳು ಅರ್ಧ ಇಂಚು ಗಿಡ್ಡ."

"ಅದೇನು ಖುಷಿಪಡೋ ವಿಷಯಾನಾ ಮಾಸ್ಟರ್ರೇ?"

"ನಂಗಂತೂ ಹೌದು. ಮನುಷ್ಯರು ಅಂದ್ಮೇಲೆ ಒಂದು ಕಡೆ ಸ್ವಲ್ಪ ಸೊಟ್ಟ ಇರ್ಲೇಬೇಕು ಮೇಡಂ. ಈ ಬೀದೀಲಿ ಇತ್ತೀಚೆಗೆ ಎರಡೂ ಕಡೆ ಸರಿಸಮ ಇರೋರು ಜಾಸ್ತಿ ಆಗ್ಬಿಟ್ಟಿದ್ದಾರೆ..."

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ. ಅವಳು ನಕ್ಕಳು. ಆ ನಗು ಅವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು, ಪಾಪ.

ಆ ಅರ್ಧ ಇಂಚಿಗೆ ವಯಸ್ಸು ಬರೀ ನಾಲ್ಕು ವಾರ! ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಅವಳನ್ನು ಮೇಜಿನ ಮೇಲೆ ಮಲಗಿಸಿ, ಕಬ್ಬಿಣದ ಸರಳಿನಿಂದ ಎಡ ಭುಜ ಮುರಿದು, ಬೇಕೆಂದೇ ಸೊಟ್ಟಗೆ ಕೂಡಿಸಿದ್ದರು. "ಕಿರುಚಿದ್ರೆ ಇನ್ನೊಂದ್ಸಲ ಮುರೀತೀನಿ" ಎಂದಿದ್ದಳು ಮುರಿದವಳು. ಅವಳು ಕಿರುಚಿರಲಿಲ್ಲ.

ಅವರು ಈ ಭೂಮಿಯವರಲ್ಲ. ಎಲ್ಲಿಂದ ಬಂದವರು ಎಂದು ಕೇಳಿದರೆ ಆಕಾಶದ ಕಡೆ ಕೈ ತೋರಿಸಬೇಕು, ಅಷ್ಟೇ. ಆ ಬೀದಿಯಲ್ಲಿ ಅಂಥವರು ಹದಿನಾಲ್ಕು ಜನ. ಒಬ್ಬ ಮನುಷ್ಯನನ್ನು ಹಿಡಿದು, ಅವನ ಮೈಯ ಅಚ್ಚು ತೆಗೆದು, ಅದರೊಳಗೆ ಹೊಕ್ಕು ಬದುಕುವವರು. ಅಚ್ಚು ತೆಗೆಸಿಕೊಂಡ ಮನುಷ್ಯ ಮಾತ್ರ ಉಳಿಯುತ್ತಿರಲಿಲ್ಲ. ಅಷ್ಟು ದೂರದಿಂದ ಬಂದವರಿಗೂ ಒಂದು ಸೋಮಾರಿ ಚಾಳಿ. ಮೈಯ ಬಲ ಅರ್ಧಕ್ಕೆ ಮಾತ್ರ ಅಚ್ಚು ತೆಗೆಯುವುದು, ಅದನ್ನೇ ಮಗುಚಿ ಎಡಕ್ಕೂ ಅಂಟಿಸುವುದು! ಡಾಕ್ಟರಿಗೂ ಪೊಲೀಸರಿಗೂ ಕಾಣದ ಆ ಕಳ್ಳಗೆಲಸ, ಇಪ್ಪತ್ತು ವರ್ಷದಿಂದ ಬೀದಿಯವರ ಮೈ ಅಳೆಯುತ್ತಿದ್ದ ಒಬ್ಬ ಟೈಲರ್ ಕಣ್ಣಿಗೆ ಬಿದ್ದಿತ್ತು. ಅವನ ಬಾಯಿಗೆ ಬೀಗ ಹಾಕಲು ಕಳಿಸಿದ್ದು ಇವಳನ್ನು, ಮೆಡಿಕಲ್ ಶಾಪಿನ ಹುಡುಗಿಯನ್ನು.

ಒಂದು ಕೋಟಿನ ಅಳತೆ ಎರಡು ಕೋಟಾಯಿತು. ಕಾಲರ್ ಸರಿಯಿಲ್ಲ ಎಂದು ಒಮ್ಮೆ, ಗುಂಡಿ ಸಡಿಲ ಎಂದು ಇನ್ನೊಮ್ಮೆ. ಅವನಿಗೂ ಗೊತ್ತಿತ್ತು, ಕಾಲರ್ ಸರಿಯಾಗಿಯೇ ಇದೆ ಎಂದು. ಆದರೂ ಬಿಚ್ಚಿ ಹೊಲಿಯುತ್ತಿದ್ದ, ಎರಡು ಪಟ್ಟು ಹೊತ್ತು ತೆಗೆದುಕೊಂಡು. 'ಮೇಡಂ' ಹೋಗಿ 'ನೀನು' ಬಂತು.

ಒಂದು ಮಧ್ಯಾಹ್ನ ಅಳತೆ ಪುಸ್ತಕ ತೆಗೆದು ಅವಳ ಮುಂದಿಟ್ಟ.

"ಹದಿಮೂರು ಜನ. ಇದು ಹಳೇ ಅಳತೆ, ಇದು ಹೊಸದು. ನೋಡು... ಇದು ನಮ್ಮಕ್ಕ."

ಅಕ್ಕನ ಹಳೆಯ ಅಳತೆಯಲ್ಲಿ ಎಡ ಭುಜ ಒಂದು ಇಂಚು ಕೆಳಗಿತ್ತು.

"ಅಮ್ಮ ಹೋದಾಗ ನಂಗೆ ಎರಡು ವರ್ಷ, ಅಕ್ಕಂಗೆ ಹತ್ತು. ನನ್ನ ಎತ್ಕೊಂಡು ಎತ್ಕೊಂಡೇ ಆ ಭುಜ ಇಳಿದುಹೋಯ್ತು. ಎರಡು ವರ್ಷದ ಹಿಂದೆ ಒಂದಿನ ಅಂಗಿ ಅಳತೆ ತಗೊಂಡ್ರೆ... ಎರಡೂ ಸಮ!" ಅವನು ಪುಸ್ತಕ ಮುಚ್ಚಿದ. "ನಂಗೆ ಟೀ ಕೊಡೋದು, ಬೈಯೋದು, ಎಲ್ಲಾ ಅಕ್ಕನ ಥರಾನೇ. ಆದ್ರೆ ಅವಳು ನಮ್ಮಕ್ಕ ಅಲ್ಲ ಕಣೇ."

"ಮತ್ತೆ ಮನೇಲಿ ಯಾಕೆ ಇಟ್ಕೊಂಡಿದ್ದೀರಾ?"

"ಹೊರಗೆ ಹಾಕಿದ್ರೆ, ನಿಜವಾದ ಅಕ್ಕ ಎಲ್ಲಿದ್ದಾಳೆ ಅಂತ ಯಾರನ್ನ ಕೇಳ್ಲಿ?"

ಅವಳು ಅವನ ಕೈ ಹಿಡಿದುಕೊಂಡಳು. ಅದು ನಟನೆಯಾಗಿರಲಿಲ್ಲ. ಅದು ನಟನೆಯಲ್ಲ ಎಂದು ತಿಳಿದಾಗ ಅವಳಿಗೆ ಭೂಮಿಗೆ ಬಂದ ಮೇಲೆ ಮೊದಲ ಸಲ ಭಯವಾಯಿತು. ಯಾಕೆಂದರೆ ಅವಳ ಭುಜ ಮುರಿದವಳು, ಹದಿಮೂರು ಜನರನ್ನೂ ಬೆರಳ ತುದಿಯಲ್ಲಿ ಆಡಿಸುವವಳು, ಆ 'ಅಕ್ಕ'ನೇ!

"ಶನಿವಾರ ಆರೋಗ್ಯ ಇಲಾಖೆ ಅಧಿಕಾರಿ ಬರ್ತಾರೆ, ನಾನೇ ಕರೆಸಿದ್ದೀನಿ. ಎಕ್ಸ್‌ರೇ ವ್ಯಾನ್ ತರ್ತಾರೆ. ನಿಂಗೆ ಬಿಟ್ರೆ ಬೇರೆ ಯಾರಿಗೂ ಹೇಳಿಲ್ಲ" ಎಂದ ಅವನು.

ಅವಳು ಆ ಸುದ್ದಿಯನ್ನೂ ತಂದು ಅಕ್ಕನಿಗೆ ಒಪ್ಪಿಸಿದಳು. ಒಪ್ಪಿಸದಿದ್ದರೆ ಅಚ್ಚಿನ ಮೈ ಕಿತ್ತುಬರದಂತೆ ಹಿಡಿದಿಡುವ ಔಷಧಿಯ ಸೀಸೆ ವಾರಕ್ಕೊಮ್ಮೆ ಕೈಗೆ ಸಿಗುತ್ತಿರಲಿಲ್ಲ. ಪ್ರೀತಿಸುತ್ತಲೇ ಚಾಡಿ ಹೇಳಿದಳು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ಸರಿಯಲ್ಲ.

"ಮುಗಿಸಿಬಿಡೋಣ" ಎಂದಳು ಅಕ್ಕ, ಔಷಧಿ ಪೆಟ್ಟಿಗೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತು. "ಶುಕ್ರವಾರ ಅವನ ಅಚ್ಚು ತೆಗೆಯೋದು. ನಮ್ಮೋರಲ್ಲಿ ಇನ್ನೂ ಮೈ ಸಿಗದೆ ಕಾಯ್ತಿರೋನು ಒಬ್ಬ ಇದ್ದಾನೆ."

ಹುಡುಗಿ ತನ್ನನ್ನೇ ಒತ್ತಾಯಿಸಿಕೊಂಡಳು. 'ಏನಾದರೂ ಹೇಳು... ಈಗಲೇ ಹೇಳು!'

"ಬೇಡ" ಎಂದಳು. "ಅಧಿಕಾರಿ ಬರೋ ಹಿಂದಿನ ದಿನ ಅವನು ಬದಲಾದ್ರೆ ಅನುಮಾನ ಬರುತ್ತೆ. ಅವನ ಮಾನ ತೆಗೆದ್ರೆ ಸಾಕು. ಹೆಂಗಸರ ಟೈಲರ್ ಅವನು. ಅಳತೆ ನೆಪದಲ್ಲಿ ಮೈಮೇಲೆ ಕೈ ಹಾಕಿದ ಅಂತ ನಾನು ಕೂಗಿದ್ರೆ... ಅವನ ಪುಸ್ತಕಾನ ಯಾರು ಮುಟ್ತಾರೆ?"

ಅಕ್ಕ ಎದ್ದು ಬಂದು ಅವಳ ಗಲ್ಲ ಹಿಡಿದು ಅಲುಗಾಡಿಸಿದಳು.

"ಅಯ್ಯೋ ನನ್ನ ಬಂಗಾರಿ! ನಾನು ಬರೀ ಕೊಲ್ಲೋಣ ಅಂದೆ. ನೀನು ನನ್ನನ್ನೂ ಮೀರಿಸಿಬಿಟ್ಟೆಯಲ್ಲೇ!"

'ಜೀವ ಉಳಿಯುತ್ತಲ್ಲ... ಜೀವ ಇದ್ದರೆ ಸಾಕು...' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಾನ ಹೋದ ಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದು ಆಗಿನ್ನೂ ಅವಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಬೀದಿ ತುಂಬ ಜನ. ಕೋಟು ಹಾಕಿ ನೋಡುತ್ತೇನೆಂದು ಟ್ರಯಲ್ ರೂಮಿಗೆ ಹೋದವಳು ತನ್ನ ರವಿಕೆಯ ತೋಳನ್ನು ತಾನೇ ಹರಿದುಕೊಂಡು ಕಿರುಚುತ್ತ ಹೊರಗೆ ಓಡಿಬಂದಳು.

"ಕೈ ಹಾಕಿದ... ಇವನು ನನ್ನ ಮೇಲೆ ಕೈ ಹಾಕಿದ!"

ಮೊದಲ ಏಟು ಹೊಡೆದವಳು ಅಕ್ಕ. "ನಮ್ಮ ಮನೆ ಮರ್ಯಾದೆ ತೆಗೆದೆಯಲ್ಲೋ ಪಾಪಿ!" ಎಂದು ಎದೆ ಬಡಿದುಕೊಳ್ಳುತ್ತಲೇ ಹೊಡೆದಳು. ಆಮೇಲೆ ಯಾರು ಯಾರೋ. ಅವನಿಂದ ಕೋಟು ಹೊಲಿಸಿಕೊಂಡವರು, ಹೆಣ್ಣುಮಕ್ಕಳಿಗೆ ಅಂಗಿ ಹೊಲಿಸಿಕೊಂಡವರು. ಅಳತೆ ಪುಸ್ತಕವನ್ನು ಅಕ್ಕ ಹಾಳೆ ಹಾಳೆಯಾಗಿ ಹರಿದು ಮೋರಿಗೆ ಹಾಕಿದಳು. "ನಮ್ಮ ಮೈ ಲೆಕ್ಕ ಬರ್ಕೊಂಡು ಕೂತಿದ್ನಲ್ರೀ!" ಎಂದು ಹೆಂಗಸರು ಉಗಿದರು.

ನೆಲದ ಮೇಲೆ ಬಿದ್ದಿದ್ದ ಅವನು ತಲೆಯೆತ್ತಿ ಅವಳನ್ನು ನೋಡಿದ.

"ನೀನಾ...?"

ಅಷ್ಟೇ. ಇಂಥವನ ಮಾತು ನಂಬುವುದು ಹೇಗೆಂದು ಮರುದಿನ ಅಧಿಕಾರಿ ಬರಲೂ ಇಲ್ಲ.

ಅಂಗಡಿಯ ಷಟರ್ ಮತ್ತೆ ಮೇಲೇಳಲಿಲ್ಲ. ಬೀದಿಯ ಕೊನೆಯ ಹಾಸಿಗೆ ಕಾರ್ಖಾನೆಯಲ್ಲಿ ಅವನಿಗೆ ಒರಟು ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತು. ಎದುರು ಬಂದ ಹೆಂಗಸರು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಅಕ್ಕ ಮಾತ್ರ ಮೂರು ಹೊತ್ತೂ ಕರೆದು ಊಟ ಹಾಕುತ್ತಿದ್ದಳು, ಅದೂ ಬಾಗಿಲು ತೆರೆದಿಟ್ಟು, ನಾಲ್ಕು ಜನರಿಗೆ ಕೇಳುವಂತೆ. "ಏನ್ ಮಾಡೋದು, ಎತ್ತಿ ಆಡಿಸಿದ ತಮ್ಮ ಅಲ್ವಾ!"

ಮೂರು ತಿಂಗಳಾದ ಮೇಲೆ ಒಂದು ದಿನ ಅವನು ಮೆಡಿಕಲ್ ಶಾಪಿಗೆ ಬಂದ. ದಪ್ಪ ಸೂಜಿ ಹೆಬ್ಬೆರಳಿಗೆ ಚುಚ್ಚಿ ರಕ್ತ ಸುರಿಯುತ್ತಿತ್ತು. ಅವಳು ಓಡಿಹೋಗಿ ಬ್ಯಾಂಡೇಜು ತಂದು ಕೈಚಾಚಿದಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲೇ ಇಡಿ ಮೇಡಂ. ನಿಮ್ಮ ಕೈಗೆ ನನ್ನ ಕೈ ತಾಗಿದ್ರೆ ಮತ್ತೆ ಕೂಗ್ತೀರಾ."

ಅವಳು ಕೌಂಟರಿನ ಮೇಲೆ ಇಟ್ಟಳು. ಅವನು ತೆಗೆದುಕೊಂಡು ಹೋದ. ಮೂರು ತಿಂಗಳಲ್ಲಿ ಅವನ ಬೆನ್ನು ಬಾಗಿತ್ತು. 'ಇದನ್ನೇ ನಾನು ಜೀವ ಉಳಿಸಿದೆ ಅಂದುಕೊಂಡದ್ದಾ...?' ಅವಳು ಔಷಧಿ ಕಪಾಟಿನ ಹಿಂದೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಅಳು ಕೇಳಿಸಿತೋ ಏನೋ, ಸಂಜೆ ಅಕ್ಕ ಬಂದಳು. ಮುಖದಲ್ಲಿ ಹಬ್ಬದ ಕಳೆ.

"ಭಾನುವಾರ ಅವನ ಅಚ್ಚು ತೆಗೀತೀವಿ. ಎಲ್ಲಾ ನಿನ್ನ ಪುಣ್ಯ ಕಣೇ! ಅವತ್ತು ಮಾಡಿದ್ರೆ ಹತ್ತು ಜನ ಕೇಳ್ತಿದ್ರು. ಈಗ ಅವನ ಮುಖ ನೋಡೋರೇ ಇಲ್ಲ. ಬದಲಾದ್ರೆ ಯಾರಿಗೆ ಗೊತ್ತಾಗುತ್ತೆ?"

ಅವನನ್ನು ಕಾಪಾಡಲೆಂದು ಅವಳು ತಾನೇ ಕೈಯಾರೆ ಅವನನ್ನು ಯಾರೂ ನೋಡದ ಹಾಗೆ ಮಾಡಿದ್ದಳು! ಇನ್ನು ಅವನು ಉಳಿಯಬೇಕಾದರೆ ದಾರಿ ಒಂದೇ. ಇಡೀ ಬೀದಿ ಮತ್ತೆ ಅವನ ಮುಖ ನೋಡಬೇಕು. ಪ್ರತಿದಿನ ನೋಡಬೇಕು.

ಶನಿವಾರ ಬೆಳಿಗ್ಗೆ ಅವಳು ಹಾಸಿಗೆ ಕಾರ್ಖಾನೆಯೊಳಗೆ ನುಗ್ಗಿದಳು. ಹತ್ತಿಯ ದೂಳಿನ ನಡುವೆ ಅವನೊಬ್ಬನೇ ಇದ್ದ. ನಿಂತ ನಿಲುವಿನಲ್ಲೇ, ಸೀಸೆಯ ವಿಷಯವೂ ಸೇರಿ ಎಲ್ಲವನ್ನೂ ಹೇಳಿದಳು. ತಾನು ಹದಿನಾಲ್ಕನೆಯವಳು ಎಂದಳು. ಕೂಗುವ ಉಪಾಯ ತನ್ನದೇ ಎಂಬುದನ್ನೂ ಬಿಡಲಿಲ್ಲ.

ಅವನು ಯಂತ್ರ ನಿಲ್ಲಿಸಲಿಲ್ಲ. "ಸುಳ್ಳು. ನಿನ್ನ ತೋಳು ನಾನೇ ಅಳೆದಿದ್ದೀನಿ."

"ನಿಮ್ಮನ್ನ ನಂಬಿಸೋಕೆ ಮುರಿದದ್ದು ಅದು. ಮುರಿದವಳು ನಿಮ್ಮನೇಲಿ ಇರೋಳೇ."

ಯಂತ್ರ ನಿಂತಿತು. ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ನಮ್ಮಕ್ಕ ಎಲ್ಲಿ?"

ಅವಳು ತಲೆ ತಗ್ಗಿಸಿದಳು. "ಇಲ್ಲ ಮಾಸ್ಟರ್ರೇ... ಎರಡು ವರ್ಷ ಆಯ್ತು."

"ಕೊನೇಲಿ ಏನಾದ್ರೂ... ನನ್ನ ಹೆಸರು..."

"ನಾನು ಅಲ್ಲಿರ್ಲಿಲ್ಲ. ನಿಮ್ಮನ್ನೇ ಕೇಳಿದ್ರು ಅಂತ ಹೇಳ್ಬಹುದಿತ್ತು. ಇನ್ನು ನಿಮ್ಮ ಹತ್ರ ಸುಳ್ಳು ಹೇಳಲ್ಲ."

ಅವನು ಹತ್ತಿಯ ರಾಶಿಯಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತ. ಮುಟ್ಟಿ ಸಮಾಧಾನ ಮಾಡುವ ಹಕ್ಕು ಅವಳಿಗಿರಲಿಲ್ಲ. ಅವಳು ತಿರುಗಿ ಬೀದಿಗೆ ನಡೆದಳು.

"ಎಲ್ಲರೂ ಕೇಳಿ! ಮಾಸ್ಟರ್ ನನ್ನ ಮುಟ್ಟಲಿಲ್ಲ! ನನ್ನ ಬಟ್ಟೆ ನಾನೇ ಹರ್ಕೊಂಡೆ! ನಾನು ಸುಳ್ಳು ಹೇಳಿದೆ... ಅವರು ದೇವರಂಥ ಮನುಷ್ಯ, ನಾನು ಸುಳ್ಳು ಹೇಳಿದೆ!"

ಗಂಟಲು ಹರಿಯುವವರೆಗೆ ಕೂಗಿದಳು. ಜನ ಸೇರಿದರು. ಅಂದು ಅವನನ್ನು ಹೊಡೆದ ಕೈಗಳೇ ಇಂದು ಅವಳ ಮೇಲೆ ಬಿದ್ದವು. ತಮ್ಮ ತಪ್ಪಿನ ಸಿಟ್ಟನ್ನೂ ಸೇರಿಸಿ ಹೊಡೆದರು. ತುಟಿ ಒಡೆಯಿತು. ಎದುರಿಗೆ ಮೆಡಿಕಲ್ ಶಾಪಿನ ಷಟರ್ ಸದ್ದು ಮಾಡುತ್ತ ಇಳಿಯಿತು. ಇನ್ನು ಅವಳಿಗೆ ಸೀಸೆ ಇಲ್ಲ.

ಅಕ್ಕ ಜನರನ್ನು ಸರಿಸಿ ಬಂದು ಅವಳನ್ನು ತಬ್ಬಿಕೊಂಡಳು. "ಬಿಡ್ರೀ, ಪಾಪ, ಹುಡುಗಿಗೆ ತಲೆ ಕೆಟ್ಟಿದೆ!" ಎಂದು ಎಲ್ಲರಿಗೆ ಕೇಳುವಂತೆ ಹೇಳಿ, ಕಿವಿಯಲ್ಲಿ ಪಿಸುಗುಟ್ಟಿದಳು. "ಒಂದು ತಿಂಗಳು. ಈ ಮೈ ಕಿತ್ತುಕೊಂಡು ಬರುತ್ತೆ, ಸ್ವಲ್ಪ ಸ್ವಲ್ಪವಾಗಿ. ನೋವಿನ ಮಾತ್ರೆ ಕೂಡ ಕೊಡಲ್ಲ. ನಿಧಾನವಾಗಿ ಸಾಯಿ ಕಣೇ, ಬಂಗಾರಿ."

ಅಷ್ಟರಲ್ಲಿ ಗುಂಪು ಎರಡಾಯಿತು. ಮೈತುಂಬ ಹತ್ತಿ ಅಂಟಿಸಿಕೊಂಡು ಮಾಸ್ಟರ್ ಬರುತ್ತಿದ್ದ.

"ತಪ್ಪಾಯ್ತು ಮಾಸ್ಟರ್ರೇ..." "ನಾವೇ ದುಡುಕಿಬಿಟ್ವಿ..." "ಅಂಗಡಿ ತೆಗೀರಿ, ನಾವೇ ಬಂದು ಗುಡಿಸಿಕೊಡ್ತೀವಿ..." ಎಲ್ಲರ ಕಣ್ಣೂ ಅವನ ಮೇಲೆ. ಅವಳಿಗೆ ಬೇಕಾಗಿದ್ದುದೂ ಅದೇ.

ಅವನು ಅಕ್ಕನ ಎದುರು ನಿಂತ.

"ಪುಸ್ತಕ ಮೋರಿಗೆ ಹೋದ್ರೆ ಏನಂತೆ ಅಕ್ಕಾ? ಅಳತೆ ಎಲ್ಲಾ ತಲೇಲಿದೆ. ಅಧಿಕಾರಿಗೆ ಮತ್ತೆ ಹೇಳಿ ಕಳಿಸ್ತೀನಿ. ಮೊದಲ ಎಕ್ಸ್‌ರೇ ನಿಮ್ಮದೇ. ಇವ್ರೆಲ್ಲಾ ಸಾಕ್ಷಿ."

ಅಕ್ಕನ ನಗು ಅಲ್ಲೇ ಸತ್ತಿತು. ಅವಳು ಸರಸರನೆ ಮನೆಯ ಕಡೆ ಹೋದಳು.

ಮಾಸ್ಟರ್ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದ ಹುಡುಗಿಯ ಪಕ್ಕ ಬಂದು ಕುಳಿತ. ಇಬ್ಬರ ನಡುವೆ ಒಂದು ಗೇಣು ಜಾಗ ಬಿಟ್ಟು.

"ನಾನು ನಿನ್ನ ಕ್ಷಮಿಸಿಲ್ಲ."

"ಗೊತ್ತು."

"ಸೀಸೆ ಇಲ್ದೆ ಎಷ್ಟು ದಿನ ಇರ್ತೀಯಾ?"

"ತಿಂಗಳು. ಆಮೇಲೆ ಈ ಮೈ ಇರಲ್ಲ. ಒಳಗಿರೋದು ಆಚೆ ಬರುತ್ತೆ..." ಅವಳು ಮುಖ ಮುಚ್ಚಿಕೊಂಡಳು. "ನೀವು ಪ್ರೀತಿಸಿದ್ದು ಇನ್ಯಾರದೋ ಮುಖ ಮಾಸ್ಟರ್ರೇ. ನನ್ನ ನಿಜವಾದ ರೂಪ ನೋಡಿದ್ರೆ ಓಡಿಹೋಗ್ತೀರಾ."

ಅವನು ತನ್ನ ಅಂಗಿಯ ತುದಿ ಹಿಡಿದು ಅವಳ ತುಟಿಯ ರಕ್ತ ಒರೆಸಿದ. ನಡುವೆ ಇದ್ದ ಗೇಣು ಜಾಗ ಎಲ್ಲಿ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ನೋಡೋಕೆ ಹೇಗಿರ್ತೀಯಾ?"

"ಕೆಟ್ಟದಾಗಿ."

"ತುಂಬಾನಾ?"

"ತುಂಬಾ... ಹೆದರಿಕೆ ಆಗಲ್ವಾ ನಿಮ್ಗೆ?"

"ಆಗುತ್ತೆ. ಈಗ್ಲೇ ಆಗ್ತಿದೆ" ಎಂದ ಅವನು. ಅವಳ ಸೊಟ್ಟ ಭುಜವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಹೆದರ್‌ಕೊಂಡೇ ಪಕ್ಕದಲ್ಲಿ ಕೂತಿರ್ತೀನಿ ಬಿಡು."