ಗೆರೆಯಿಂದ ನಾಲ್ಕು ಬೆರಳು ಈಚೆ

ಸ್ಕೂಟರ್ ನಿಲ್ಲಿಸುವ ವಿದ್ಯೆಯಲ್ಲಿ ಆ ಕನ್ನಡಕದ ಅಂಗಡಿಯವನನ್ನು ಮೀರಿಸುವವನು ಭೂಮಿಯ ಮೇಲೆ ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಸಾಸಿವೆ ಕಾಳು ಉಸಿರು ಬಿಗಿಹಿಡಿದು ನಿಲ್ಲಬೇಕಾದ ಜಾಗದಲ್ಲಿ ಅವನ ಸ್ಕೂಟರ್ ಆರಾಮಾಗಿ ನಿಲ್ಲುತ್ತಿತ್ತು. ಒಮ್ಮೆ ಎರಡು ಲಾರಿಗಳ ನಡುವೆ ಅದೆಷ್ಟು ಬಿಗಿಯಾಗಿ ಸೇರಿಸಿದ್ದನೆಂದರೆ, ಗಾಳಿ ಬಂದು ‘ಸ್ವಲ್ಪ ಸರಿಯಪ್ಪಾ’ ಎಂದು ಕೇಳಿ, ಆಗದೆ ಪಕ್ಕದ ಬೀದಿಯಿಂದ ಸುತ್ತಿಕೊಂಡು ಹೋಯಿತು.

ಅಂಥವನ ಸ್ಕೂಟರಿನ ಮೇಲೆ ಒಂದು ಮಂಗಳವಾರ ಹಳದಿ ಚೀಟಿ ಕುಳಿತಿತ್ತು. ತಪ್ಪು: ಮುಂದಿನ ಚಕ್ರ ಬಿಳಿ ಗೆರೆ ದಾಟಿದೆ. ಹದಿನೈದು ದಿನದೊಳಗೆ ದಂಡ ಕಟ್ಟಬೇಕು, ಇಲ್ಲವೇ ತಕರಾರು ಅರ್ಜಿ ಹಾಕಬೇಕು.

ಅವನು ಬಗ್ಗಿ ಬೆರಳಿಟ್ಟು ಅಳೆದ. ಚಕ್ರ ಗೆರೆಯಿಂದ ನಾಲ್ಕು ಬೆರಳು ಈಚೆಗೇ ಇತ್ತು.

“ಬಿಡಬೇಡ ಮಾರಾಯಾ!” ಪಕ್ಕದ ಅಂಗಡಿಯ ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೂಗಿದ. “ತಕರಾರು ಹಾಕು. ಚೀಟಿ ಬರೆದವಳೇ ಬಂದು ನಿನ್ನ ಎದುರು ಕೂತು ಉತ್ತರ ಹೇಳ್ಬೇಕು. ನಾನು ಹೋದ ತಿಂಗಳು ಗೆದ್ದೆ, ಗೊತ್ತಾ?”

“ಅವರೇ ಬರ್ತಾರಾ?”

“ಬರದೇ ಏನು? ಇನ್ನೊಂದು ತಕರಾರು ಸೋತರೆ ಅವಳನ್ನ ಈ ರಸ್ತೆಯಿಂದಲೇ ಎತ್ತಂಗಡಿ ಮಾಡ್ತಾರಂತೆ. ಕಚೇರಿ ಬೇಸ್‌ಮೆಂಟಲ್ಲಿ ಹಳೇ ಫೈಲು ಜೋಡಿಸ್ಕೊಂಡು ಕೂರಲಿ. ಪೀಡೆ ತೊಲಗಿತು!”

ಕನ್ನಡಕದವನ ಮುಖದಲ್ಲಿ ಅರಳಿದ್ದೇನೋ ಅಲ್ಲೇ ಬಾಡಿತು.

ಬೀದಿಯವರು ಅವಳನ್ನು ‘ಚೀಟಿ ಮೇಡಂ’ ಎನ್ನುತ್ತಿದ್ದರು. ಅವಳು ತಿರುವಿನಲ್ಲಿ ಕಂಡರೆ ಸಾಕು, ನಿಂತ ಕಾರುಗಳು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದವು. ಜನ ಅವಳೊಂದಿಗೆ ಮಾತಾಡುತ್ತಿದ್ದುದು ಜಗಳಕ್ಕೆ ಮಾತ್ರ. ಜಗಳ ಮುಗಿದ ಮೇಲೆ ಅವಳು ಒಬ್ಬಳೇ ಪುಸ್ತಕ ಮಡಚಿ, ಪೆನ್ನಿನ ಮುಚ್ಚಳ ಹಾಕಿ, ಮುಂದಿನ ಕಂಬದ ತನಕ ನಡೆಯುತ್ತಿದ್ದಳು. ಆ ನಡಿಗೆಯನ್ನು ಎರಡು ವರ್ಷದಿಂದ ಒಬ್ಬನೇ ಒಬ್ಬ ಗಾಜಿನ ಹಿಂದಿನಿಂದ ನೋಡುತ್ತಿದ್ದ.

ಅವನಿಗೆ ನಲವತ್ತನಾಲ್ಕು. ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ, ನಡುವೆ ಹನ್ನೊಂದು ಮೆಟ್ಟಿಲು. ದಿನಕ್ಕೆ ಸಾವಿರ ಜನರ ಕಣ್ಣೊಳಗೆ ಇಣುಕುತ್ತಿದ್ದ. ಹೋಗಲಿ, ಹನ್ನೆರಡು ಎನ್ನಿ. ಅಷ್ಟು ಹತ್ತಿರ, ಅವರ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ ನಿಂತರೂ ಅವರಲ್ಲಿ ಒಬ್ಬರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ದೃಷ್ಟಿ ಅವನ ಕಿವಿಯ ಪಕ್ಕದಿಂದ ಹಾದು ಗೋಡೆಯ ಮೇಲಿನ ಅಕ್ಷರಗಳಿಗೆ ಹೋಗುತ್ತಿತ್ತು. ‘ಈಗ ಚೆನ್ನಾಗಿ ಕಾಣ್ತಿದೆಯಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತಿದ್ದರು. ಕಂಡದ್ದು ಗೋಡೆ.

ಚೀಟಿ ಮೇಜಿನ ಗಾಜಿನಡಿ ಸೇರಿತು. ದಂಡ ಕಟ್ಟಿದರೆ ಕಥೆ ಒಂದೇ ನಿಮಿಷಕ್ಕೆ ಮುಗಿಯುತ್ತದೆ, ಅವಳನ್ನು ಮಾತಾಡಿಸಲು ನೆವವೇ ಉಳಿಯುವುದಿಲ್ಲ. ತಕರಾರು ಹಾಕಿದರೆ ಅವಳು ಎದುರು ಬಂದು ಕೂರುತ್ತಾಳೆ, ಒಂದು ಸಲ. ಆಮೇಲೆ ಈ ರಸ್ತೆಯಲ್ಲಿ ಅವಳೇ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಫೋನಿನಲ್ಲಿ ಅಕ್ಕ ಬೈದಳು. “ಅಷ್ಟಕ್ಕೆ ಹತ್ತು ದಿನ ಯೋಚನೆ ಮಾಡ್ತಾರೇನೋ? ಕಟ್ಟಿ ಬಿಸಾಕೋ. ಊಟ ಮಾಡಿದ್ಯಾ?”

“ಮಾಡಿದೆ ಅಕ್ಕಾ,” ಎಂದ. ಒಲೆ ಹಚ್ಚಿಯೇ ಇರಲಿಲ್ಲ.

ಆ ದಿನಗಳಲ್ಲಿ ಅವನಿಗೊಂದು ಸಂಗತಿ ಹೊಳೆಯಿತು. ಪ್ರತಿ ಗಾಡಿಯ ಮುಂದೆಯೂ ಅವಳು ತಲೆಯನ್ನು ತುಸು ಬಲಕ್ಕೆ ವಾಲಿಸುತ್ತಾಳೆ. ಅವಳ ಕನ್ನಡಕದ್ದು ದುಂಡನೆಯ ಫ್ರೇಮು, ಒಂದು ಸ್ಕ್ರೂ ಸಡಿಲ. ಬಲಗಣ್ಣಿನ ಗಾಜು ಫ್ರೇಮಿನೊಳಗೇ ತಿರುಗಿಬಿಟ್ಟಿದೆ. ಅಂಥ ಗಾಜಿನಲ್ಲಿ ಗೆರೆಯ ಪಕ್ಕ ಅದರ ನೆರಳಿನಂಥ ಇನ್ನೊಂದು ಗೆರೆ ಕಾಣುತ್ತದೆ. ಅವನ ಚಕ್ರ ದಾಟಿದ್ದು ಆ ಇಲ್ಲದ ಗೆರೆಯನ್ನು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಟೈಲರ್ ಊಟಕ್ಕೆ ಹೋಗಿದ್ದ, ಬೀದಿ ಖಾಲಿ. ಬಾಗಿಲು ತಳ್ಳಿಕೊಂಡು ಅವಳೇ ಒಳಗೆ ಬಂದಳು. ಅಂಗಡಿಯಲ್ಲಿ ಇದ್ದವರು ಇಬ್ಬರೇ.

“ನಾಳೆ ಕೊನೇ ದಿನ,” ಎಂದಳು. “ದಂಡಾನೂ ಕಟ್ಟಿಲ್ಲ, ತಕರಾರೂ ಹಾಕಿಲ್ಲ. ನಿಮ್ಮದೊಂದೇ ಬಾಕಿ.”

“ಕಟ್ತೀನಿ. ತಪ್ಪು ನಂದೇ.”

“ಎಲ್ಲರೂ ಜಗಳ ಆಡ್ತಾರೆ. ನೀವು ಯಾಕೆ ಆಡ್ಲಿಲ್ಲ?”

“ಆಡ್ಬೇಕಿತ್ತಾ?”

ಅವಳು ಪುಸ್ತಕದ ಅಂಚನ್ನು ಉಗುರಿನಿಂದ ಕೆರೆದಳು. “ಹಾಗಲ್ಲ. ಜಗಳಕ್ಕಾದ್ರೂ ನಾಲ್ಕು ಮಾತು ಆಡ್ತಾರಲ್ಲ ಜನ.”

ಆ ಮಾತು ಅವನ ಮೇಲಿನ ಕೋಣೆಯಲ್ಲಿ ಹುಟ್ಟಿ, ಮೆಟ್ಟಿಲಿಳಿದು ಬಂದಂತಿತ್ತು. ಅವನು ಕೈ ಚಾಚಿದ. “ಕನ್ನಡಕ ಕೊಡಿ. ಎರಡು ನಿಮಿಷ.”

ಕನ್ನಡಕ ತೆಗೆದ ಅವಳ ಮುಖ ಬಾಗಿಲು ತೆರೆದಿಟ್ಟ ಮನೆಯಂತಿತ್ತು. ಮೂಗಿನ ಎರಡೂ ಬದಿ ಸಣ್ಣ ಕೆಂಪು ಗುರುತು. ಅವನು ಸ್ಕ್ರೂ ಸಡಿಲಿಸಿ, ಗಾಜನ್ನು ಕೂದಲೆಳೆಯಷ್ಟು ತಿರುಗಿಸಿ, ಮಷೀನಿನಲ್ಲಿ ನೋಡಿ, ಮತ್ತೆ ಬಿಗಿದ. ತಾನೇ ಅವಳ ಕಿವಿಯ ಹಿಂದೆ ಕಡ್ಡಿ ಕೂರಿಸಿದ.

“ಈಗ ಚೆನ್ನಾಗಿ ಕಾಣ್ತಿದೆಯಾ?”

ಅವಳು ಗೋಡೆಯ ಅಕ್ಷರಗಳನ್ನು ನೋಡಲಿಲ್ಲ. ಅವನನ್ನೇ ನೋಡಿದಳು.

“ನಿಮ್ಮ ಮುಖ ಒಂದೇ ಇದೆ!”

“ಇಲ್ಲೀವರೆಗೆ ಎಷ್ಟಿತ್ತು?”

“ಒಂದೂವರೆ.”

ಇಬ್ಬರೂ ನಕ್ಕರು. ನಗುತ್ತಲೇ ಅವಳು ಬಾಗಿಲಿಗೆ ಹೋಗಿ, ದಿನವೂ ಅದೇ ಜಾಗದಲ್ಲಿ ನಿಲ್ಲುವ ಸ್ಕೂಟರನ್ನು ನೋಡಿದಳು. ಗೆರೆಯನ್ನು ನೋಡಿದಳು. ನಗು ನಿಂತಿತು.

“ಚಕ್ರ ಈಚೆಗಿದೆ. ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?”

ಅವನು ಸ್ಕ್ರೂಡ್ರೈವರ್ ಒರೆಸಿದ. ಒರೆಸಿದ್ದನ್ನೇ ಒರೆಸಿದ.

“ತಪ್ಪು ಬರೆದಿದ್ದೀನಿ. ನೀವು ತಕರಾರು ಹಾಕಲೇಬೇಕು.”

“ನಿಮ್ಮನ್ನ ಬೇಸ್‌ಮೆಂಟಿಗೆ ಹಾಕ್ತಾರಂತೆ.”

“ಹಾಕಲಿ. ಮಾಡದ ತಪ್ಪಿಗೆ ನಿಮ್ಮ ಹತ್ರ ದಂಡ ಕಟ್ಟಿಸ್ಕೊಂಡು ನಾನು ಈ ರಸ್ತೆಯಲ್ಲಿ ತಲೆಯೆತ್ತಿ ಹೇಗೆ ಓಡಾಡ್ಲಿ?”

“ನೀವು ಓಡಾಡ್ಲಿಲ್ಲ ಅಂದ್ರೆ ಇಲ್ಲಿ ಕೂತು ನಾನೇನು ನೋಡ್ಲಿ?”

ಬಾಯಿ ಜಾರಿತು. ಜಾರಿದ ಮಾತನ್ನು ಹಿಡಿಯಲು ಅವನ ಕೈ ನಿಜಕ್ಕೂ ಮೇಲೆದ್ದಿತ್ತು. ಅವಳು ಸ್ಟೂಲೆಳೆದು ಕುಳಿತು, ತನ್ನ ಚೀಲದಿಂದಲೇ ತಕರಾರಿನ ಫಾರಂ ತೆಗೆದಳು. ತನ್ನ ವಿರುದ್ಧದ ದೂರನ್ನು ತನ್ನದೇ ಮುದ್ದಾದ ಅಕ್ಷರದಲ್ಲಿ ಬರೆದು ಅವನ ಮುಂದೆ ತಳ್ಳಿದಳು. ಅವನು ಸಹಿ ಹಾಕಿದ.

ಬಾಗಿಲಲ್ಲಿ ತಿರುಗಿ, “ಬೇಸ್‌ಮೆಂಟಿನವರನ್ನ ಐದೂವರೆಗೆ ಬಿಡ್ತಾರೆ,” ಎಂದಳು. ಮಾಹಿತಿ ಫಲಕ ಓದಿದಂಥ ದನಿ. ಕೆನ್ನೆಯ ಬಣ್ಣ ಮಾತ್ರ ಬೇರೆಯೇ ಹೇಳುತ್ತಿತ್ತು.

ಆಗ ಕನ್ನಡಕದವನು ಎದೆಯುಬ್ಬಿಸಿ ನಿಂತು ಎಂಥ ಪ್ರೇಮದ ಮಾತುಗಳನ್ನು ಆಡಿದನೆಂದರೆ, ಶೋಕೇಸಿನ ನೂರಾರು ಕನ್ನಡಕಗಳು ಮಂಜಾಗಿ ಕಣ್ಣೊರೆಸಿಕೊಂಡವು...

ಅಂಗಡಿಯಲ್ಲಿ ಇದ್ದವರು ಇಬ್ಬರೇ ಎಂದಮೇಲೆ ಇದನ್ನೆಲ್ಲ ನೀನು ಎಲ್ಲಿ ನಿಂತು ಕೇಳಿದೆ ಎಂದು ನೀವು ಕೇಳುತ್ತೀರಿ. ಸಿಕ್ಕಿಬಿದ್ದೆ. ಒಬ್ಬಳು ಅವಳು. ಇನ್ನೊಬ್ಬ ನಾನು.

ನಿಜ ಹೇಳಿಬಿಡುತ್ತೇನೆ. ನನ್ನ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಅವಳು ಹೋದಳು. ತಕರಾರು ಗೆದ್ದೆ, ಅವಳನ್ನು ಕೆಳಗೆ ಹಾಕಿದರು, ರಸ್ತೆ ಬರಿದಾಯಿತು. ಒಂದು ವಾರ ದಿನಾ ಐದೂವರೆಗೆ ಅಂಗಿ ಬದಲಿಸಿ, ಮತ್ತೆ ಹಳೆಯದನ್ನೇ ಹಾಕಿಕೊಂಡೆ. ಎಂಟನೆಯ ದಿನ ಆ ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಮೆಟ್ಟಿಲು ಹತ್ತಿ ಬಂದವಳು ನನ್ನನ್ನು ನೋಡಿ, ಅಕ್ಕಪಕ್ಕ ನೋಡಿದಳು.

“ಸ್ಕೂಟರ್ ಎಲ್ಲಿ?”

“ತಂದಿಲ್ಲ,” ಎಂದೆ. “ನಡ್ಕೊಂಡು ಹೋದ್ರೆ ನಿಮ್ಮನೆ ಬೇಗ ಬರಲ್ಲ ಅಂತ.”