ಎರಡು ಮೀಟರಿಗೆ ಹತ್ತೊಂಬತ್ತು ಚೌಕ

"ಎಳೀಬೇಡಿ ಆಂಟಿ! ಎಳೆದ್ರೆ ಬಟ್ಟೆ ಉದ್ದ ಆಗಲ್ಲ, ಅಳತೆ ಸುಳ್ಳಾಗುತ್ತೆ."

ಹಲ್ಲಿನ ಡಾಕ್ಟರ್ ತಟ್ಟನೆ ಕೈ ಸಡಿಲ ಬಿಟ್ಟರು. ದಿನವಿಡೀ ಊರಿನವರ ಬಾಯಿ ತೆರೆಸುವ ಡಾಕ್ಟರು ಐದನೇ ಕ್ಲಾಸಿನ ಹುಡುಗಿಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತರು.

ಹುಡುಗಿ ಮೇಜಿನ ಮೇಲಿದ್ದ ಹೂವಿನ ಬಟ್ಟೆಯನ್ನು ಅಂಗೈಯಿಂದ ಸವರಿದಳು. ಎಲ್ಲೂ ಸುಕ್ಕಿಲ್ಲ, ಎಳೆತವಿಲ್ಲ ಎಂದು ಖಾತ್ರಿಯಾದ ಮೇಲೆ ಕುತ್ತಿಗೆಯಿಂದ ಟೇಪು ತೆಗೆದು ಅಂಚಿಗೆ ಹೊಂದಿಸಿದಳು.

"ಒಂದು ಮೀಟರ್ ನಲವತ್ತು. ನಲವತ್ತೊಂದಲ್ಲ, ನಲವತ್ತು. ರೈಟ್!"

ಅವಳು ರೈಟ್ ಅಂದಳೆಂದರೆ ಮುಗಿಯಿತು. ಅದರ ಮೇಲೆ ಯಾರೂ ಚಕಾರವೆತ್ತುತ್ತಿರಲಿಲ್ಲ.

ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕೌದಿ ಹೊಲಿಯುವವರೆಲ್ಲ ಸೇರುತ್ತಿದ್ದರು. ಕೌದಿಗೆ ಬೇಕಾಗುವುದು ಅಂಗೈಯಗಲದ ತುಂಡು, ಅಂಗಡಿಯವರು ಕೊಡುವುದು ಮೀಟರುಗಟ್ಟಲೆ. ಹಾಗಾಗಿ ಎಲ್ಲರ ಮನೆಯ ಕಪಾಟುಗಳೂ ಉಳಿದ ಬಟ್ಟೆಯಿಂದ ಉಬ್ಬಿಕೊಂಡಿದ್ದವು. ಅದನ್ನು ತಂದು ಮೇಜಿನ ಮೇಲೆ ಹರಡುವುದು, ಬೇಕಾದವರು ಬೇಕಾದಷ್ಟು ಕೊಳ್ಳುವುದು.

ಗೋಡೆಯ ಮೇಲೆ ಒಂದು ಬೋರ್ಡು ಇತ್ತು. ಅಂಗಡಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳಬಾರದು. ಕಲೆಯೋ ತೂತೋ ಇದ್ದರೆ ಮೊದಲೇ ತೋರಿಸಬೇಕು. ತೊಳೆಯದ ಹತ್ತಿ ಬಟ್ಟೆಯಾದರೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಬಿಸಿನೀರು ಕಂಡರೆ ಅದು ಕುಗ್ಗುತ್ತದೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ. ಅದೆಲ್ಲ ಆ ಹುಡುಗಿಯದೇ ಅಕ್ಷರ.

ಮೊದಲು ಇಲ್ಲಿ ಜಗಳವೆಂದರೆ ಅಳತೆಯದೇ. ಮಾರುವವರು ಬಟ್ಟೆಯನ್ನು ಎಳೆದು ಅಳೆಯುತ್ತಿದ್ದರು, ಕೊಳ್ಳುವವರು ಸಡಿಲ ಬಿಟ್ಟು ಅಳೆಯುತ್ತಿದ್ದರು. ಈ ಕೂಟ ಶುರು ಮಾಡಿದ್ದು ಹುಡುಗಿಯ ಚಿಕ್ಕಮ್ಮ. ಅವರಿಗೆ ಕೇಳಿ ಕೇಳಿ ಸಾಕಾಗಿ, "ನಮ್ಮ ಅಕ್ಕನ ಮಗಳು ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ. ಅವಳೇ ಅಳೀಲಿ" ಎಂದುಬಿಟ್ಟರು. ಬಂದ ಮೊದಲ ದಿನವೇ ಅವಳು ಒಂದು ಸೆಂಟಿಮೀಟರಿಗಾಗಿ ಅರ್ಧ ಗಂಟೆ ವಾದ ಮಾಡಿ ಗೆದ್ದಳು. ಅವತ್ತಿನಿಂದ ಎಲ್ಲರ ಬಾಯಲ್ಲೂ ಅವಳು ಸೆಂಟಿ.

"ಟೇಪು ಹೊಸದಾ ಸೆಂಟಿ? ಬೆಳ್ಳಗೆ ಹೊಳೀತಿದೆ" ಎಂದರು ಡಾಕ್ಟರು.

"ಇಲ್ಲ ಆಂಟಿ, ಅದೇ ಹಳೇದು. ನಮ್ಮಜ್ಜಿ ಟೈಲರ್ ಆಗಿದ್ದಾಗಿನದು. ಹೋದ ಸಲ ಇಲ್ಲಿಗೆ ಬರೋ ಹಿಂದಿನ ದಿನ ಯೂನಿಫಾರ್ಮ್ ಜೇಬಲ್ಲೇ ಮರೆತುಬಿಟ್ಟೆ. ವಾಷಿಂಗ್ ಮೆಷಿನ್‌ನಲ್ಲಿ ಬಿಸಿಬಿಸಿ ಸ್ನಾನ ಆಯ್ತು. ಆಮೇಲೆ ಇಸ್ತ್ರಿ ಬೇರೆ ಹಾಕಿದೆ!"

ಆಗಲೇ ಡ್ರೈವರ್ ತಾತ ಬಾಗಿಲಲ್ಲಿ ಕಾಣಿಸಿಕೊಂಡರು. ಎರಡೂ ಕೈಯಲ್ಲಿ ಎರಡು ದೊಡ್ಡ ಚೀಲ.

ತಾತ ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವರು. ಕಣ್ಣಿನ ಡಾಕ್ಟರು ಇನ್ನು ಸಾಕು ಎಂದ ಮೇಲೆ ಸ್ಟೇರಿಂಗ್ ಬಿಟ್ಟು ಸೂಜಿ ಹಿಡಿದಿದ್ದರು. ಇಲ್ಲಿ ಕೊಂಡ ಬಟ್ಟೆಗೆ ಸೆಂಟಿ ರೈಟ್ ಅನ್ನುವವರೆಗೂ ಅವರು ಕತ್ತರಿ ಮುಟ್ಟುತ್ತಿರಲಿಲ್ಲ. "ಕಂಡಕ್ಟರ್ ರೈಟ್ ಅನ್ನದೆ ನಾನು ಯಾವತ್ತೂ ಗಾಡಿ ಎತ್ತಿದವನಲ್ಲ" ಅನ್ನುತ್ತಿದ್ದರು. ಈ ಹಾಲಿನಲ್ಲಿ ಸೆಂಟಿಗೆ ಎಲ್ಲರಿಗಿಂತ ಅವರೇ ಹೆಚ್ಚು ಇಷ್ಟ.

"ಏನು ತಾತ, ಇಷ್ಟೊಂದು ತಂದಿದ್ದೀರಾ?"

"ಎಲ್ಲಾ ತಂದಿದ್ದೀನಿ ಮಗೂ. ಎಲ್ಲಾ ಮಾರಿಬಿಡ್ತೀನಿ. ಕೌದಿ ಸಹವಾಸ ಸಾಕು."

ತಾತ ಚೀಲದಿಂದ ಒಂದೊಂದೇ ಬಟ್ಟೆ ತೆಗೆದಿಟ್ಟರು. ಕೊನೆಗೆ, ಅರ್ಧಕ್ಕೆ ನಿಂತ ಕೌದಿಯನ್ನೂ ಹೊರಗೆಳೆದರು. ಬೂದು ಬಟ್ಟೆಯ ಸುತ್ತ ನೀಲಿ, ಹಳದಿ, ಕೆಂಪು ಚೌಕಗಳು ಸಾಲಾಗಿ ಓಡುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಮೂರು ಚೌಕದಷ್ಟು ಜಾಗ ಖಾಲಿ ಇತ್ತು.

"ಹೋದ ತಿಂಗಳು ಇಲ್ಲೇ ಮೂರು ಪಟ್ಟಿ ಕೊಂಡೆ ನೋಡು. ಹತ್ತು ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದ. ಹತ್ತು ಹತ್ತರ ಚೌಕ ಮಾಡಿದ್ರೆ ಒಂದರಲ್ಲಿ ಎಷ್ಟು ಬರಬೇಕು?"

"ಇಪ್ಪತ್ತು!"

"ನನಗೆ ಬಂದಿದ್ದು ಹತ್ತೊಂಬತ್ತು. ನೀಲಿಯಲ್ಲೂ ಹತ್ತೊಂಬತ್ತು, ಹಳದಿಯಲ್ಲೂ ಹತ್ತೊಂಬತ್ತು, ಕೆಂಪಲ್ಲೂ ಅಷ್ಟೇ."

"ತೊಳೆದು ಕತ್ತರಿಸಿದ್ರಾ ತಾತ? ತೊಳೆದ್ರೆ ಕುಗ್ಗುತ್ತೆ" ಎಂದು ಸೆಂಟಿ ಬೋರ್ಡಿನ ಕಡೆ ಬೆರಳು ತೋರಿಸಿದಳು.

"ನೀರು ತೋರಿಸಿದವನೇ ಅಲ್ಲ."

"ಹಾಗಾದ್ರೆ ನೀವು ಒಂದೊಂದು ಚೌಕಾನೂ ಸ್ವಲ್ಪ ದೊಡ್ಡದು ಕತ್ತರಿಸಿರ್ತೀರ. ಯಾಕಂದ್ರೆ ಪಟ್ಟಿ ಎರಡು ಮೀಟರ್ ಸರಿಯಾಗೇ ಇತ್ತು. ನಾನೇ ಅಳೆದಿದ್ದು."

"ಅದೇ ಮತ್ತೆ. ನೀನು ಅಳೆದಿದ್ದು ತಪ್ಪಾಗಲ್ಲ. ಅದಕ್ಕೇ ಗೊತ್ತಾಯ್ತು, ತಪ್ಪಿರೋದು ನನ್ನ ಕಣ್ಣಲ್ಲಿ ಅಂತ." ತಾತ ಕನ್ನಡಕ ತೆಗೆದು ಒರೆಸಿದರು. ಅದು ಆಗಲೇ ಶುಭ್ರವಾಗಿತ್ತು. "ಸ್ಕೇಲಿಟ್ಟು ನೋಡಿದ್ರೆ ನನಗೆ ಹತ್ತೇ ಕಾಣುತ್ತೆ. ಕಣ್ಣೇ ಸುಳ್ಳು ಹೇಳಿದ್ರೆ ಯಾರನ್ನ ಕೇಳೋದು? ಬಸ್ ಬಿಡಿಸಿದಾಗ ಕಣ್ಣಿನ ಡಾಕ್ಟರು, ದೂರದ್ದು ಕಾಣದಿದ್ರೂ ಹತ್ತಿರದ್ದು ಚೆನ್ನಾಗಿ ಕಾಣುತ್ತೆ ಅಂದಿದ್ರು. ಈಗ ಅದೂ ಕೈ ಕೊಡ್ತು. ಇರಲಿ ಬಿಡು. ಅಳೆ, ಯಾರಿಗೆ ಬೇಕೋ ಕೊಡೋಣ."

ಸೆಂಟಿಗೆ ಬೇಜಾರಾಯಿತು. ಆದರೆ ಅಳತೆಯ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಅವಳು ಟೇಪು ಹಿಡಿದು, ಇನ್ನೂ ಕತ್ತರಿ ಕಾಣದ ಹಸಿರು ಬಟ್ಟೆಯಿಂದ ಶುರು ಮಾಡಿದಳು. ಅದರ ಮೇಲೆ ಅಂಗಡಿಯ ಚೀಟಿ ಇನ್ನೂ ಇತ್ತು: ಮೂರು ಮೀಟರ್.

"ಮೂರು ಮೀಟರ್ ಹನ್ನೆರಡು. ತಾತ, ಅಂಗಡಿಯವರು ಹನ್ನೆರಡು ಸೆಂಟಿಮೀಟರ್ ಜಾಸ್ತಿ ಕೊಟ್ಟಿದ್ದಾರೆ!"

"ಪಾಪ, ಅವರಿಗೂ ನನ್ನ ಥರ ಕಣ್ಣು ಮಂಜಾಗಿರಬೇಕು."

ಮುಂದಿನದು ಚುಕ್ಕಿ ಬಟ್ಟೆ, ಬೇರೆ ಅಂಗಡಿಯದು. ಚೀಟಿಯಲ್ಲಿ ಎರಡು ಮೀಟರ್. ಟೇಪಿನಲ್ಲಿ ಎರಡು ಮೀಟರ್ ಎಂಟು. ಆಮೇಲೆ ಪಟ್ಟೆ ಬಟ್ಟೆ, ಅದು ಇನ್ನೊಂದು ಅಂಗಡಿಯದು. ಚೀಟಿಯಲ್ಲಿ ಒಂದು ಮೀಟರ್, ಟೇಪಿನಲ್ಲಿ ಒಂದು ಮೀಟರ್ ನಾಲ್ಕು.

"ಅಬ್ಬಾ! ಅಂಗಡಿಯವರೆಲ್ಲ ಯಾವಾಗ ಇಷ್ಟು ಧಾರಾಳಿಗಳಾದ್ರು?" ಎಂದು ಡಾಕ್ಟರು ನಕ್ಕರು.

ಸೆಂಟಿ ನಗಲಿಲ್ಲ. ಮೂರಕ್ಕೆ ಹನ್ನೆರಡು, ಎರಡಕ್ಕೆ ಎಂಟು, ಒಂದಕ್ಕೆ ನಾಲ್ಕು. ನಾಲ್ಕರ ಮಗ್ಗಿ ಹಿಂದಿನಿಂದ ಮುಂದಕ್ಕೆ ಬರುತ್ತಿತ್ತು. ಮೂರು ಅಂಗಡಿಯವರು ಕೂತು ಮಾತಾಡಿಕೊಂಡು ಮಗ್ಗಿ ಪ್ರಕಾರ ತಪ್ಪು ಮಾಡುತ್ತಾರೆಯೇ?

ಅವಳು ತಲೆಯೆತ್ತಿದಳು. ಎದುರಿಗೇ ಬೋರ್ಡು. ಎರಡು ಗೆರೆ ಎಳೆದ ಸಾಲು. ತೊಳೆಯದ ಹತ್ತಿ ಬಟ್ಟೆ ಬಿಸಿನೀರು ಕಂಡರೆ ಕುಗ್ಗುತ್ತದೆ.

ಅವಳು ಕೈಯಲ್ಲಿದ್ದ ಟೇಪು ನೋಡಿದಳು. ಅಜ್ಜಿಯ ಕಾಲದ ಟೇಪು. ಈಗಿನವುಗಳ ಹಾಗೆ ಪ್ಲಾಸ್ಟಿಕ್ಕಿನದಲ್ಲ. ಅಪ್ಪಟ ಹತ್ತಿ.

ಗೆರೆ ಎಳೆಯಲು ಚಿಕ್ಕಮ್ಮ ತರುವ ಒಂದು ಮೀಟರಿನ ಸ್ಟೀಲ್ ಸ್ಕೇಲು ಕಿಟಕಿಯ ಬಳಿ ಇತ್ತು. ಸೆಂಟಿ ಯಾರಿಗೂ ಹೇಳದೆ ಅಲ್ಲಿಗೆ ಹೋಗಿ, ಟೇಪನ್ನು ಸ್ಕೇಲಿನ ಪಕ್ಕ ಮಲಗಿಸಿದಳು. ಟೇಪಿನ ನೂರರ ಗೆರೆ ಸ್ಕೇಲಿನ ತೊಂಬತ್ತಾರರ ಬಳಿಯೇ ನಿಂತುಬಿಟ್ಟಿತು. ಇನ್ನೊಂದು ಸಲ ಇಟ್ಟಳು. ತೊಂಬತ್ತಾರೇ.

ಅಂದರೆ ತಾತನಿಗೆ ಕೊಟ್ಟ ಎರಡು ಮೀಟರು ಎರಡು ಮೀಟರೇ ಅಲ್ಲ. ಎಂಟು ಸೆಂಟಿಮೀಟರ್ ಕಡಿಮೆ. ಹತ್ತೊಂಬತ್ತಲ್ಲದೆ ಇನ್ನೆಷ್ಟು ಚೌಕ ಬಂದೀತು!

ಹಾಲಿನಲ್ಲಿ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಟೇಪನ್ನು ಮೆಲ್ಲಗೆ ಜೇಬಿಗೆ ಸೇರಿಸಿ ಚಿಕ್ಕಮ್ಮನ ಟೇಪು ಎತ್ತಿಕೊಂಡರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬಂದದ್ದು ನಿಜ. ಅಷ್ಟರಲ್ಲಿ ತಾತನ ದನಿ ಕೇಳಿತು.

"ಡಾಕ್ಟ್ರೇ, ಈ ಅರ್ಧ ಕೌದಿ ನೀವೇ ತಗೊಂಡು ಹೋಗಿ. ದುಡ್ಡು ಬೇಡ. ಸೂಜಿ ಡಬ್ಬಿನೂ ಇಟ್ಕೊಳ್ಳಿ."

ಸೆಂಟಿ ಕುರ್ಚಿ ಎಳೆದು ಅದರ ಮೇಲೆ ಹತ್ತಿ ನಿಂತಳು.

"ನಿಲ್ಸಿ! ತಾತನ ಸಾಮಾನು ಯಾರೂ ಮುಟ್ಟಬೇಡಿ!"

ಎಲ್ಲರೂ ತಿರುಗಿದರು. ಚಿಕ್ಕಮ್ಮ, "ಏಯ್, ಏನೇ ಅದು? ಇಳಿ ಕೆಳಗೆ" ಎಂದರು.

"ಹೇಳಿ ಇಳೀತೀನಿ ಚಿಕ್ಕಮ್ಮ." ಸೆಂಟಿ ಟೇಪನ್ನು ಎತ್ತಿ ಹಿಡಿದಳು. "ಈ ಟೇಪು ಕುಗ್ಗಿದೆ. ಬಿಸಿನೀರಲ್ಲಿ ತೊಳೆದಿದ್ದಕ್ಕೆ. ಮೀಟರಿಗೆ ನಾಲ್ಕು ಸೆಂಟಿಮೀಟರ್. ಹೋದ ತಿಂಗಳು ಕೊಂಡವರಿಗೆಲ್ಲ ಕಡಿಮೆ ಹೋಗಿದೆ. ಮಾರಿದವರದ್ದು ತಪ್ಪಿಲ್ಲ, ಅಳೆದಿದ್ದು ನಾನು. ಡಾಕ್ಟರ್ ಆಂಟಿ, ನಿಮ್ಮ ಹೂವಿನ ಬಟ್ಟೆನೂ ಮತ್ತೆ ಅಳೀಬೇಕು."

ಹಿಂದಿನಿಂದ ಒಬ್ಬರು, "ಅಯ್ಯೋ, ಅದಕ್ಕೇ ನನ್ನ ದಿಂಬಿಗೆ ಕವರ್ ಹಿಡೀಲಿಲ್ವಾ! ನಾನು ದಿಂಬು ಊದಿಕೊಂಡಿದೆ ಅಂತ ಅದಕ್ಕೆ ನಾಲ್ಕು ಬಾರಿಸಿದೆ!" ಎಂದರು. ಹಾಲಿಗೆ ಹಾಲೇ ನಕ್ಕಿತು.

ಸೆಂಟಿ ಕೆಳಗಿಳಿದು ನೇರವಾಗಿ ತಾತನ ಮುಂದೆ ಹೋದಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ಸಣ್ಣಗಾಯಿತು.

"ನಿಮ್ಮ ಕಣ್ಣಲ್ಲ ತಾತ, ನನ್ನ ಟೇಪು. ನೀವು ಬಂದು ಹೇಳಿದ್ರೂ ನಾನು ಒಂದು ಸಲ ಕೂಡ ಅದನ್ನ ನೋಡಲಿಲ್ಲ. ನಿಮ್ಮದೇ ತಪ್ಪು ಅಂದುಬಿಟ್ಟೆ."

ತಾತ ಸ್ಟೀಲ್ ಸ್ಕೇಲು ತರಿಸಿಕೊಂಡರು. ಕೌದಿಯ ಅಂಚಿಗೆ ಇನ್ನೂ ಹೊಲಿಯದೆ ಪಿನ್ನು ಹಾಕಿದ್ದ ಒಂದು ನೀಲಿ ಚೌಕ ಬಿಡಿಸಿ ಅದರ ಪಕ್ಕ ಇಟ್ಟರು. ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಹತ್ತು" ಎಂದರು.

ಹಳದಿಯದನ್ನು ಇಟ್ಟರು. "ಹತ್ತು." ಕೆಂಪಿನದು. "ಹತ್ತೇ ಕಣಪ್ಪಾ! ಕೂದಲಷ್ಟೂ ಆಚೀಚೆ ಇಲ್ಲ!"

ಡಾಕ್ಟರೂ ಬಗ್ಗಿ ನೋಡಿ ಹೌದೆಂದು ತಲೆಯಾಡಿಸಿದರು. ತಾತ ಅವರ ಕೈಯಿಂದ ಸೂಜಿ ಡಬ್ಬಿ ಕಿತ್ತುಕೊಂಡರು. "ಇಲ್ಲಿ ಕೊಡಿ ಡಾಕ್ಟ್ರೇ! ಗಾಡಿ ಕೆಟ್ಟಿದೆ ಅಂತ ಯಾರು ಹೇಳಿದ್ದು?"

ಆಮೇಲೆ ಎಲ್ಲರೂ ಚೀಲ ತಡಕಾಡಿದ್ದೇ ತಡಕಾಡಿದ್ದು. ಯಾರಿಗೆ ಎಷ್ಟು ಕಡಿಮೆ ಬಿದ್ದಿತ್ತೋ ಹೇಳಿದರು, ಮಾರಿದವರು ಹುಡುಕಿ ಕೊಟ್ಟರು. ಹಳದಿ ಮಾರಿದವರ ಹತ್ತಿರ ಹಳದಿ ಇತ್ತು, ಕೆಂಪು ಮಾರಿದವರ ಹತ್ತಿರ ಕೆಂಪು ಇತ್ತು. ನೀಲಿ ಮಾರಿದ್ದು ಚಿಕ್ಕಮ್ಮ. ಅವರ ಚೀಲದಲ್ಲಿ ನೀಲಿಯ ಒಂದೆಳೆಯೂ ಇರಲಿಲ್ಲ.

ಸೆಂಟಿ ತನ್ನ ಪೌಚ್ ತೆಗೆದಳು. ಚಾಕ್‌ಪೀಸು, ಪೆನ್ಸಿಲು ಇಟ್ಟುಕೊಳ್ಳಲು ಅದೇ ನೀಲಿಯ ಕೊನೆಯ ತುಂಡಿನಲ್ಲಿ ಅವಳೇ ಹೊಲಿದುಕೊಂಡಿದ್ದ ಪೌಚ್. ಅವಳು ಜೀವಮಾನದಲ್ಲಿ ಹೊಲಿದ ಮೊದಲ ವಸ್ತು ಅದು. ಒಳಗಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದು, ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚತೊಡಗಿದಳು.

"ಬೇಡ ಮಗೂ, ಬೇರೆ ನೀಲಿ ಹಾಕ್ತೀನಿ" ಎಂದರು ತಾತ.

"ಬೇರೆ ನೀಲಿ ಮ್ಯಾಚ್ ಆಗಲ್ಲ ತಾತ" ಎಂದಳು ಸೆಂಟಿ, ತಲೆಯೆತ್ತದೆ.

ಮುಂದಿನ ತಿಂಗಳು ಹಾಲು ಮತ್ತೆ ಕಿಕ್ಕಿರಿಯಿತು. ಸೆಂಟಿಯ ಕುತ್ತಿಗೆಯಲ್ಲಿ ಹೊಸ ಟೇಪು, ನೀರಿಗೆ ಹೆದರದ ಪ್ಲಾಸ್ಟಿಕ್ಕಿನದು. ಮನೆಯಲ್ಲೇ ಎರಡು ಸಲ ಸ್ಕೇಲಿಗೆ ಹಿಡಿದು ನೋಡಿ ತಂದಿದ್ದಳು. ಅದು ಸರಿಯಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಬಟ್ಟೆ ಮೇಜಿನ ಮೇಲೆ ಬಂತು. "ಬೇಗ ಅಳೆ ಸೆಂಟಿ" ಎಂದು ಡಾಕ್ಟರು ಅವಸರ ಮಾಡಿದರು.

"ಒಂದು ನಿಮಿಷ ಆಂಟಿ." ಅವಳು ಸ್ಟೀಲ್ ಸ್ಕೇಲನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಟೇಪು ಹಾಸಿದಳು. "ತಾತ, ಇಲ್ಲಿ ಬನ್ನಿ. ನೀವು ನೋಡಿ ಹೇಳಿ."

ಡ್ರೈವರ್ ತಾತ ಎದ್ದು ಬಂದರು. ಮುಗಿದ ಕೌದಿ ಅವರ ಹೆಗಲ ಮೇಲಿತ್ತು. ಮೂಲೆಯ ನೀಲಿ ಚೌಕದಲ್ಲಿ ಬಿಚ್ಚಿದ ಹೊಲಿಗೆಯ ಸಣ್ಣ ಸಣ್ಣ ತೂತುಗಳು ಇನ್ನೂ ಕಾಣುತ್ತಿದ್ದವು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಸೊನ್ನೆಯ ಕಡೆ ನೋಡಿದರು, ನೂರರ ಕಡೆ ನೋಡಿದರು, ಮತ್ತೆ ಸೊನ್ನೆಯ ಕಡೆ ಬಂದರು. ಅವರಿಗೆ ಯಾವ ಅವಸರವೂ ಇರಲಿಲ್ಲ.

ರೈಟ್ ಎಂಬ ಮಾತು ಸೆಂಟಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ಅಲ್ಲೇ ಹಿಡಿದು, ಟೇಪಿನ ತುದಿ ಒತ್ತಿಕೊಂಡು ಕಾದಳು.

"ರೈಟ್!" ಎಂದರು ತಾತ.

ಸೆಂಟಿ ಬಟ್ಟೆಯನ್ನು ಅಂಗೈಯಿಂದ ಸವರಿ ಅಳೆಯಲು ಶುರು ಮಾಡಿದಳು.