ಬಿಚ್ಚಿಹೋದ ಪ್ರಾಂತ್ಯಗಳು

ಏಸಾ ಓದುವಾಗ ಆ ವಿಧವೆ ಮಿಸೆಸ್ ಪೆಲ್ ಯಾಕೆ ಹಾಗೆ ಕಣ್ಣು ಮುಚ್ಚಿಕೊಳ್ಳಬೇಕು? ಅಚ್ಚಿನ ಮೊಳೆ ಜೋಡಿಸುತ್ತಿದ್ದ ಡಾರ್ಕಸ್‌ಗೆ ಮೈಯೆಲ್ಲ ಉರಿಯಿತು.

ಫಿಲಡೆಲ್ಫಿಯಾದ ಆ ಮುದ್ರಣಾಲಯ ಅವಳ ಅಪ್ಪನದು. ಮೊಳೆ ಜೋಡಿಸುವುದು ಅವಳ ಕೆಲಸ, ಅಚ್ಚು ಹಾಕುವುದು ಏಸಾನದು. ಇಂಗ್ಲೆಂಡಿನ ರಾಜನ ಹಂಗು ಅಮೆರಿಕದ ಹದಿಮೂರು ಪ್ರಾಂತ್ಯಗಳಿಗೆ ಬೇಡವೆಂದು ಹೆಸರು ಹಾಕದೆ ಪುಸ್ತಿಕೆ ಬರೆಯುತ್ತಿದ್ದವಳು ಈ ಮಿಸೆಸ್ ಪೆಲ್. ಕರಡನ್ನು ಗಟ್ಟಿಯಾಗಿ ಓದಿಸಿ ಕೇಳುವುದು ಅವಳ ಪದ್ಧತಿ, ಓದಲು ಏಸಾನೇ ಆಗಬೇಕು. ಬರವಣಿಗೆ ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹಾಳಾದ್ದು, ಎದೆಗೆ ನಾಟುತ್ತಿತ್ತು.

"ನಿನ್ನ ಬಾಯಲ್ಲಿ ನನ್ನ ಮಾತು ಎಷ್ಟು ಚೆನ್ನಾಗಿ ಕೇಳುತ್ತೆ," ಎಂದಳು ಮಿಸೆಸ್ ಪೆಲ್. "ಬಾಸ್ಟನ್ನಿನಿಂದ ರಾಜನ ಸೈನ್ಯ ತೊಲಗಿತಲ್ಲ, ಅಲ್ಲಿ ನನ್ನದೇ ಪ್ರೆಸ್ ಹಾಕ್ತೀನಿ. ನೀನೇ ಬಂದು ಅದನ್ನ ನಡೆಸು."

"ಈ ಪುಟ ಮುಗಿಸಿ ಹೇಳ್ತೀನಿ, ಅಮ್ಮಾವ್ರೇ."

ಡಾರ್ಕಸ್ ಕೊನೆಯ ಪುಟ ಜೋಡಿಸಿ ಕೊಟ್ಟಳು. ಏಸಾ ಕರಡು ತೆಗೆದು ಓದಿದ. ಒಂದು ಕಡೆ ತಡವರಿಸಿ, ಡಾರ್ಕಸ್ ಕಡೆ ಓರೆನೋಟ ಬೀರಿ, ಮುಂದುವರಿಸಿದ. ನಾಳೆ ಉತ್ತರ ಬೇಕೆಂದು ಹೇಳಿ ಮಿಸೆಸ್ ಪೆಲ್ ಗಾಡಿ ಹತ್ತಿದಳು.

"ಇಲ್ಲಿ ಬಾರೇ. ಇದನ್ನ ಓದು."

'ಒಂದಾದ ಪ್ರಾಂತ್ಯಗಳು' ಎಂದಿರಬೇಕಾದಲ್ಲಿ 'ಬಿಚ್ಚಿಹೋದ ಪ್ರಾಂತ್ಯಗಳು' ಎಂದಿತ್ತು. ಇಂಗ್ಲಿಷಿನಲ್ಲಿ ಅಕ್ಕಪಕ್ಕದ ಎರಡು ಅಕ್ಷರ ಅದಲುಬದಲಾದರೆ ಸಾಕು, 'ಯುನೈಟೆಡ್' ಹೋಗಿ 'ಅನ್‌ಟೈಡ್' ಆಗಿಬಿಡುತ್ತದೆ.

"ಅವರೆದುರು ಸರಿಯಾಗೇ ಓದಿದೆ. ಆದ್ರೂ ಹದಿಮೂರು ಪ್ರಾಂತ್ಯಾನೂ ಒಂದೇ ಕೈಯಲ್ಲಿ ಬಿಚ್ಚಿಹಾಕಿದೀಯಲ್ಲ?"

"ಅವರು ನಿನ್ನನ್ನೇ ನೋಡ್ತಿದ್ರು. ನನ್ನ ಕಣ್ಣು ಮೊಳೆ ಮೇಲಿರ್ಲಿಲ್ಲ."

"ಅವರು ಕಣ್ಣು ಮುಚ್ಕೊಂಡಿದ್ರು."

"ಅದು ಇನ್ನೂ ಕೆಟ್ಟದ್ದು."

ಏಸಾ ನಕ್ಕ. ಅವಳಿಗೆ ನಗು ಬರಲಿಲ್ಲ. ಜೋಡಿಸಿದ ಮೊಳೆ ಚದುರದಂತೆ ಪುಟದ ಸುತ್ತ ಬಿಗಿದಿದ್ದ ದಾರ ಬಿಚ್ಚಿ, ತಪ್ಪಿದ ಮೊಳೆಗಳನ್ನು ಸರಿಮಾಡಿದಳು.

"ಬಾಸ್ಟನ್ನಿಗೆ ಹೋಗು," ಎಂದಳು ತಲೆಯೆತ್ತದೆ. "ಊರೆಲ್ಲ ಸ್ವಾತಂತ್ರ್ಯ ಅಂತಿದೆ, ನಿನ್ನ ಹಿಡಿದಿಡೋಕೆ ನಾನ್ಯಾರು? ಆದ್ರೆ ನೀನು ಅವರಿಗೆ ಓದೋದನ್ನ ನನ್ನಿಂದ ಸಹಿಸೋಕಾಗಲ್ಲ. ನೀನು ನನಗೆ ಬೇಕು."

ಅವಳು ದಾರವನ್ನು ಮತ್ತೆ ಸುತ್ತಿ ತುದಿಗಳನ್ನು ಎಳೆದಳು. ಗಂಟು ಜಾರದ ಹಾಗೆ ಏಸಾ ತನ್ನ ಮಸಿಯ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದ.

"ಪುಟ ಮುಗಿಸಿ ಹೇಳ್ತೀನಿ ಅಂದಿದ್ನಲ್ಲ," ಎಂದ ಮೆಲ್ಲಗೆ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ನಾಳೆ ಅವರಿಗೆ ಹೇಳ್ತೀನಿ. ನೀನು ಬಿಗಿಯಾಗಿ ಕಟ್ಟು."

ಡಾರ್ಕಸ್ ಅವನ ಬೆರಳನ್ನೂ ಸೇರಿಸಿಯೇ ಗಂಟು ಹಾಕಿದಳು.